ಹುಳಿ ಹಿಂಡಿದ್ದು ನಾನಲ್ಲ

ನಿನ್ನೆ ಲೇಬರ್ ಡೇ ರಜೆ (ಅಮೆರಿಕದಲ್ಲಿ ಅದು ಸೆಪ್ಟೆಂಬರ್‌ನ ಮೊದಲ ಸೋಮವಾರ). ಇಲ್ಲೇ ಅಟ್ಲಾಂಟಾ ಪಕ್ಕದಲ್ಲಿ ಗೆಳೆಯನೊಬ್ಬನ ಮನೆ ಹಿತ್ತಲಲ್ಲಿ ಏಳೆಂಟು ಕುಟುಂಬ ಸೇರಿದ್ದೆವು. ಬಿಸಿಬೇಳೆಬಾತ್ ಇತ್ತು, ಮಕ್ಕಳಿಗೆ ಪಿಜ್ಜಾ ಇತ್ತು, ಯಾರೋ ಪುಣ್ಯಾತ್ಗಿತ್ತಿ ಕಾಯಿ ಹೋಳಿಗೆ ಮಾಡಿಕೊಂಡು ಬಂದಿದ್ದರು. ಎಲ್ಲ ಚೆನ್ನಾಗಿಯೇ ನಡೀತಿತ್ತು. ಆಗ ಬಂತು ನೋಡಿ, ಒಂದು ಬಿಳಿ ಸ್ಲೋ ಕುಕ್ಕರ್, ಗಂಟೆಗಟ್ಟಲೆ ಸಣ್ಣಗೆ ಬೇಯಿಸೋ ಕರೆಂಟ್ ಪಾತ್ರೆ. (ಈ ಕುಕ್ಕರ್ ವಿಷಯ ಆಮೇಲೆ ಹೇಳ್ತೀನಿ.)

ತಂದವನು ಮುಚ್ಚಳ ತೆಗೆದು, "ಗುರೂ, ಬ್ಲಡಿ ಮೇರಿ ಪೀನಟ್ಸ್! ಬೆಳಗ್ಗೆ ಎಲ್ಲ ಒಟ್ಟಿಗೆ ಸುರಿದು ಬಟನ್ ಒತ್ತಿದ್ದು ಅಷ್ಟೇ. ಎಂಟು ಗಂಟೆ ತಿರುಗಿ ನೋಡಿಲ್ಲ" ಅಂದ.

ನೋಡಬೇಕಿತ್ತು ಕಣಪ್ಪಾ.

ಬ್ಲಡಿ ಮೇರಿ ಅನ್ನೋ ಟೊಮೆಟೊ ಕಾಕ್‌ಟೇಲಿನ ರುಚಿಯಲ್ಲಿ ಬೇಯಿಸಿದ ಕಡಲೆಕಾಯಿ ಅದು. ಒಂದು ಕಾಯಿ ತಗೊಂಡೆ. ಸಿಪ್ಪೆಗೆಲ್ಲ ಟೊಮೆಟೊ ಕೆಂಪು ಮೆತ್ತಿತ್ತು. ವಾಸನೆ ಒಳ್ಳೆಯದೇ. ಬಾಯಿಗಿಟ್ಟು ಕಚ್ಚಿದೆ. ಸರಿಯಾಗಿ ಬೆಂದ ಕಡಲೆಕಾಯಿಯನ್ನು ಕಚ್ಚಿದರೆ ಮೊದಲು ಉಪ್ಪುನೀರು ಚಿಮ್ಮಬೇಕು, ಅರ್ಧ ಬಾಯಿಗೆ, ಅರ್ಧ ಅಂಗಿ ಮೇಲೆ. ಆಮೇಲೆ ಬೀಜ ನಾಲಿಗೆ ಮೇಲೇ ಹಿಟ್ಟಾಗಬೇಕು. ಇದು ಏನಂತು ಗೊತ್ತಾ? ಕಟಕ್. ಬೇಯಿಸಿದ ಕಡಲೆಕಾಯಿ ಕಟಕ್ ಅನ್ನಬಾರದು ಮಾರಾಯ್ರೆ. ಹುರಿದದ್ದು ಅನ್ನಲಿ, ಕಾಂಗ್ರೆಸ್ ಕಡಲೆಕಾಯಿ ಅನ್ನಲಿ, ಅದು ಅವುಗಳ ಧರ್ಮ. ಇದಕ್ಕೇನು ಬಂತು?

ಸುತ್ತ ನೋಡಿದರೆ ಎಲ್ಲರೂ "ಸೂಪರ್ ಗುರು", "ರೆಸಿಪಿ ಕಳಿಸು" ಅಂತಿದ್ದಾರೆ. ಒಬ್ಬ ಮಹಾಶಯನಂತೂ "ಇದು ಅಲ್ ಡೆಂಟೆ" ಅಂದ. ಅಲ್ ಡೆಂಟೆಯಂತೆ! ಬೇಯದೇ ಇರೋದಕ್ಕೆ ಇಟಲಿ ಹೆಸರು ಕೊಟ್ಟರೆ ಬೆಂದ ಹಾಗಾಯ್ತಾ?

ನಾನು ಕೇಳಿದ್ದು ಒಂದೇ ಪ್ರಶ್ನೆ. "ಟೊಮೆಟೊ ಜ್ಯೂಸ್ ಯಾವಾಗ ಹಾಕಿದೆ?" "ಹೇಳಿದೆನಲ್ಲ, ಎಲ್ಲ ಒಟ್ಟಿಗೆ." "ನಿಂಬೆಹಣ್ಣು?" "ಒಟ್ಟಿಗೆ." "ಹಾಟ್ ಸಾಸ್?" "ಅಯ್ಯೋ, ಒಟ್ಟಿಗೇ ಕಣೋ." ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಮೆಲ್ಲಗೆ ತೊಡೆ ಚಿವುಟಿದಳು. ಕಾರಿನಲ್ಲಿ ಬರುವಾಗ ಹೇಳಿದಳು, "ರೀ, ಒಂದು ಹಿಡಿ ಕಡ್ಲೇಕಾಯಿಗೋಸ್ಕರ ಸ್ನೇಹಕ್ಕೆ ಹುಳಿ ಹಿಂಡಬೇಡಿ."

ಹುಳಿ ಹಿಂಡಿದ್ದು ನಾನಾ? ಅವನು ತಾನೇ ಎರಡು ನಿಂಬೆಹಣ್ಣು, ಅದೂ ಕಾಯಿ ಬೇಯೋ ಮುಂಚೆ!

ನಿಮಗೆಲ್ಲ ಗೊತ್ತೇ ಇದೆ, ನಾನು ಚಳ್ಳಕೆರೆ ಕಡೆಯವನು. ಶೇಂಗಾ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಜಾಸ್ತಿನೇ ಬೇಗ ಸಿಟ್ಟು ಬರುತ್ತೆ. ನಮ್ಮ ಕಡೆ ಅದು ಶೇಂಗಾ. ಹೆಂಡತಿ ಬಸವನಗುಡಿಯವಳು, ಅವಳಿಗೆ ಕಡ್ಲೇಕಾಯಿ. ಕಾರ್ತಿಕದ ಕೊನೇ ಸೋಮವಾರ ಬುಲ್ ಟೆಂಪಲ್ ರಸ್ತೆಯ ಪರಿಷೆಯಲ್ಲಿ ಸೇರುಗಟ್ಟಲೆ ಕೊಂಡವರು ಅವರು, ಹೊಲದಲ್ಲಿ ಬೇರು ಸಮೇತ ಕಿತ್ತವರು ನಾವು. ಈ ಜಗಳ ನಮ್ಮ ಮನೆಯಲ್ಲಿ ಹದಿನಾರು ವರ್ಷದಿಂದ ಇದೆ, ಅದು ಬೇರೆ ವಿಷಯ.

ಇಲ್ಲಿಗೆ ಬಂದು ಸೇರಿಕೊಂಡಿದ್ದೂ ಶೇಂಗಾ ಸೀಮೆಗೇ. ಅಮೆರಿಕದಲ್ಲಿ ಬೆಳೆಯುವ ಕಡಲೆಕಾಯಿಯಲ್ಲಿ ಹತ್ತಿರ ಹತ್ತಿರ ಅರ್ಧ ಈ ಜಾರ್ಜಿಯಾ ರಾಜ್ಯದ್ದು. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಇಲ್ಲಿನ ಪ್ಲೇನ್ಸ್ ಎಂಬ ಪುಟ್ಟ ಊರಿನ ಕಡಲೆಕಾಯಿ ರೈತರಾಗಿದ್ದವರು. ಆ ಊರಲ್ಲಿ 13 ಅಡಿ ಎತ್ತರದ, ಹಲ್ಲು ಕಿರಿಯುವ ಕಡಲೆಕಾಯಿ ಪ್ರತಿಮೆ ಇದೆ. ಅದರ ಮುಂದೆ ನಾನು ಹಲ್ಲು ಕಿರಿದು ನಿಂತ ಫೋಟೋ ನೀವೆಲ್ಲ ಲೈಕ್ ಮಾಡಿದ್ದೀರಿ. ತಮಾಷೆ ಏನಂದ್ರೆ, ಬೇಯಿಸಿದ ಕಡಲೆಕಾಯಿಯನ್ನು 2006ರಲ್ಲಿ ತಮ್ಮ ರಾಜ್ಯದ ಅಧಿಕೃತ ತಿಂಡಿ ಅಂತ ಕಾನೂನು ಮಾಡಿಕೊಂಡವರು ಪಕ್ಕದ ಸೌತ್ ಕ್ಯಾರೊಲಿನಾದವರು. ಬೆಳೆ ಇವರದು, ಬಿರುದು ಅವರದು. ನಮಗೇನು ಹೊಸದಲ್ಲ ಬಿಡಿ ಇಂಥದ್ದು.

ಬೇಯಿಸಿ ತಿನ್ನುವ ಅಭ್ಯಾಸ ಇಲ್ಲಿ ಬೇರೂರಿದ್ದು ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನರಿಂದ ಅಂತಾರೆ. ಇಲ್ಲಿನ ಹಳಬರು ಕಡಲೆಕಾಯಿಗೆ "ಗೂಬರ್" ಅನ್ನೋದೂ ಕಾಂಗೋ ಕಡೆಯ "ಎನ್‌ಗುಬಾ" ಎಂಬ ಮಾತಿನಿಂದಲೇ ಬಂದದ್ದು. ಹೊಟ್ಟೆ ತುಂಬಿದವರು ಕಂಡುಹಿಡಿದ ತಿಂಡಿ ಅಲ್ಲ ಇದು. ಅದಕ್ಕೇ ಇದನ್ನು ಕೆಡಿಸಿದಾಗ ನನಗೆ ಇನ್ನೂ ಒಂಥರಾ ಆಗೋದು.

ಇನ್ನು ಈ ಬ್ಲಡಿ ಮೇರಿ. ವೋಡ್ಕಾ, ಟೊಮೆಟೊ ರಸ, ವೂಸ್ಟರ್ ಅನ್ನೋ ಇಂಗ್ಲಿಷ್ ಹುಳಿ ಸಾಸ್, ಹಾಟ್ ಸಾಸ್, ಮೆಣಸು, ಸೆಲರಿ ಉಪ್ಪು, ನಿಂಬೆರಸ, ಘಾಟಿನ ಬೇರು ಹಾರ್ಸ್‌ರ‍್ಯಾಡಿಶ್. ಇಷ್ಟು ಸೇರಿದ ಕಾಕ್‌ಟೇಲ್. ನನ್ನ ಕೇಳಿದರೆ ಅದು ಕಾಕ್‌ಟೇಲೇ ಅಲ್ಲ, ತಣ್ಣಗಿನ ಟೊಮೆಟೊ ಸಾರಿಗೆ ವೋಡ್ಕಾ ಬೆರೆಸಿದ್ದು. ಆದರೆ ಆ ರುಚಿ ಕಡಲೆಕಾಯಿಗೆ ಹೊಂದುತ್ತೆ, ಅದರಲ್ಲಿ ಎರಡು ಮಾತಿಲ್ಲ. ಉಪ್ಪು, ಹುಳಿ, ಖಾರ, ಒಂಚೂರು ಘಾಟು. ಫ್ಲಾರಿಡಾ ಕಡೆ ಹೋಗುವಾಗ ರಸ್ತೆ ಬದಿಯಲ್ಲಿ ದೊಡ್ಡ ಹಂಡೆ ಇಟ್ಟು ಕೆಜನ್ ಅನ್ನೋ ಖಾರದ ಮಸಾಲೆ ಹಾಕಿದ ಬಿಸಿ ಕಾಯಿ ಮಾರ್ತಾರೆ. ಅದನ್ನು ಮೊದಲ ಸಲ ತಿಂದ ದಿನ ನಾನು ಸ್ಟೀರಿಂಗ್ ಮೇಲೆಲ್ಲ ಉಪ್ಪುನೀರು ಮಾಡಿಕೊಂಡು, ಮುಂದಿನ ಎಕ್ಸಿಟ್‌ನಲ್ಲಿ ವಾಪಸ್ ತಿರುಗಿ ಹೋಗಿ ಇನ್ನೊಂದು ಚೀಲ ತಂದವನು. ಹಾಗಾಗಿ "ಕಡಲೆಕಾಯಿಗೆ ಉಪ್ಪು ಸಾಕು, ಈ ಕೆಂಪು ಅವತಾರ ಯಾಕೆ" ಅನ್ನೋ ಶುದ್ಧ ಮಡಿವಂತರ ಜೊತೆ ನಾನಿಲ್ಲ. ಕೆಂಪು ಇರಲಿ. ಅದು ಬರೋ ಹೊತ್ತಿಗೆ ಬರಲಿ, ಅಷ್ಟೇ.

ಬೇಳೆ ಬೇಯುವ ಮುಂಚೆ ಹುಣಸೆಹುಳಿ ಹಾಕಬಾರದು ಅನ್ನೋದು ನಮ್ಮ ಯಾವ ಅಡುಗೆಮನೆಯಲ್ಲಿ ಗೊತ್ತಿಲ್ಲ ಹೇಳಿ? ಹುರುಳಿ ಇರಲಿ, ಅಲಸಂದೆ ಇರಲಿ, ಮೊದಲು ಕಾಳು ಬೇಯಬೇಕು, ಆಮೇಲೆ ಹುಳಿ. ಕಾಳನ್ನು ಒಳಗೆ ಗಟ್ಟಿಯಾಗಿ ಹಿಡಿದಿಡೋದು ಪೆಕ್ಟಿನ್ ಅನ್ನೋ ಅಂಟು. ಬಿಸಿನೀರಲ್ಲಿ ಅದು ಕರಗಿದರೆ ಕಾಳು ಮೆತ್ತಗಾಗುತ್ತೆ. ನೀರು ಹುಳಿಯಾಗಿದ್ದರೆ ಅದು ಸುಲಭಕ್ಕೆ ಕರಗಲ್ಲ. ಕಡಲೆಕಾಯಿಯೂ ಬೇಳೆಕಾಳಿನ ಜಾತಿಯದೇ, ಮಣ್ಣೊಳಗೆ ಕಾಯಿ ಬಿಡುತ್ತೆ ಅಷ್ಟೇ. ಟೊಮೆಟೊ ಹುಳಿ, ನಿಂಬೆ ಹುಳಿ, ಹಾಟ್ ಸಾಸ್ ತುಂಬ ವಿನೆಗರ್, ವೂಸ್ಟರ್ ಸಾಸಲ್ಲೂ ವಿನೆಗರ್. ನಾಲ್ಕು ಹುಳಿ ಒಟ್ಟಿಗೆ ಸುರಿದು ಕೂತರೆ ಎಂಟು ಗಂಟೆಯಲ್ಲ, ಎಂಟು ದಿನ ಕಾಯಬೇಕು.

"ನಾನೂ ಒಟ್ಟಿಗೇ ಹಾಕ್ತೀನಿ, ಚೆನ್ನಾಗೇ ಬೇಯುತ್ತೆ" ಅಂತ ಯಾರಾದರೂ ಕಾಮೆಂಟ್ ಹಾಕ್ತೀರಿ ಅಂತ ಗೊತ್ತು. ಬೇಯಬಹುದು. ಆಗಷ್ಟೇ ಕಿತ್ತ ಎಳೆಯ ಹಸಿ ಕಾಯಿ ಆದರೆ ಹುಳಿಯಲ್ಲೂ ಹೇಗೋ ಬೆಂದುಬಿಡುತ್ತೆ. ಆದರೆ ನಮ್ಮ ಸಾಹೇಬರು ತಂದದ್ದು ಒಣ ಕಾಯಿ. ಅದನ್ನು ರಾತ್ರಿ ನೆನೆಸಿಯೂ ಇಲ್ಲ. ಅಂದ್ರೆ ನಿಮ್ಮ ವಾದ ನಿಮ್ಮ ಹತ್ತಿರವೇ ಇರಲಿ.

ಇಲ್ಲಿ ಅಂಗಡಿಯಲ್ಲಿ "ಗ್ರೀನ್ ಪೀನಟ್" ಅಂತ ಕೇಳಬೇಕು. ಹಸಿರು ಬಣ್ಣ ಇರಲ್ಲ, ಹುಡುಕಬೇಡಿ. ಒಣಗಿಸದ ಹಸಿ ಕಾಯಿ ಅಂತ ಅರ್ಥ. ಬೇಸಿಗೆ ಕೊನೆಯಿಂದ ಅಕ್ಟೋಬರ್ ತನಕ ಸಿಗುತ್ತೆ. ಕಿತ್ತ ಮೇಲೆ ಬೇಗ ಕೆಡುತ್ತೆ, ಬೇಗ ಬೂಸ್ಟು ಹಿಡಿಯುತ್ತೆ, ಅದಕ್ಕೇ ಎಲ್ಲ ಅಂಗಡಿಯವರೂ ಇಡಲ್ಲ. ಮೊನ್ನೆ ಶನಿವಾರ ರೈತರ ಮಾರುಕಟ್ಟೆಗೆ ಹೋಗಿ ತಂದೆ. ಕೈಗೆ ಮಣ್ಣು ಹತ್ತಿತು. ಆ ವಾಸನೆಗೆ ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ಚಿಕ್ಕವನಿದ್ದಾಗ ಶೇಂಗಾ ಕೀಳೋ ದಿನ ಹೊಟ್ಟೆನೋವು ಅಂತ ಮಲಗುತ್ತಿದ್ದ ಹುಡುಗ ಈಗ ಪೌಂಡಿಗೆ ಇಷ್ಟು ಡಾಲರ್ ಅಂತ ಕೊಟ್ಟು ಮಣ್ಣು ಮೂಸುತ್ತಾ ನಿಂತಿದ್ದಾನೆ ಅಂತ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಬೆಲೆ ಎಷ್ಟು?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ನಾನು ಮಾಡೋದು ಹೀಗೆ. ಒಂದು ಕೆಜಿ ಹಸಿ ಕಾಯಿ. ನಾಲ್ಕೈದು ನೀರಲ್ಲಿ ತೊಳೆಯಬೇಕು, ಕೊನೇ ನೀರು ತಿಳಿಯಾಗಿರಬೇಕು. ಜೊಳ್ಳು, ಕರಿ ಕಾಯಿ ಆರಿಸಿ ಬಿಸಾಕಿ. ದೊಡ್ಡ ಪಾತ್ರೆಯಲ್ಲಿ ನಾಲ್ಕು ಲೀಟರ್ ನೀರು, 150 ಗ್ರಾಂ ಉಪ್ಪು. ಹೌದು, ಅಷ್ಟು ಉಪ್ಪು. ಅದೆಲ್ಲ ಕಾಯಿಯೊಳಗೆ ಹೋಗಲ್ಲ, ಹೆದರಬೇಡಿ. ಜೊತೆಗೆ ಒಂದು ಚಮಚ ಸೆಲರಿ ಬೀಜ. ಅದು ನಮ್ಮ ಓಂಕಾಳಿನ ದೂರದ ನೆಂಟ, ಮೂಸಿದರೆ ಗೊತ್ತಾಗುತ್ತೆ. ಒಂದಿಷ್ಟು ಕುಟ್ಟಿದ ಒಣಮೆಣಸಿನಕಾಯಿ. ಹುಳಿ ಇಲ್ಲ. ಇನ್ನೊಂದು ಸಲ ಹೇಳ್ತೀನಿ, ಹುಳಿ ಇಲ್ಲ. ಎರಡರಿಂದ ಮೂರು ಗಂಟೆ ಸಣ್ಣಗೆ ಕುದಿಯಲಿ. ಕಾಯಿ ತೇಲುತ್ತೆ, ಮೇಲೊಂದು ತಟ್ಟೆ ಕವುಚಿ ಒತ್ತಿಡಿ. ಒಣ ಕಾಯಿ ಆದರೆ ರಾತ್ರಿಯಿಡೀ ನೆನೆಸಿ, ಮಾರನೇ ದಿನ ಆರೇಳು ಗಂಟೆ. ಪ್ರೆಶರ್ ಕುಕ್ಕರ್ ಆದರೆ ಹಸಿ ಕಾಯಿಗೆ ಮುಕ್ಕಾಲು ಗಂಟೆ ಸಾಕು.

ಒಂದು ಕಾಯಿ ತೆಗೆದು ಬಿಡಿಸಿ ನೋಡಿ. ಬೀಜವನ್ನು ಹೆಬ್ಬೆರಳಲ್ಲಿ ಒತ್ತಿದರೆ ಬೆಂದ ಅವರೆಕಾಳಿನ ಹಾಗೆ ಹಿಸುಕಿಹೋಗಬೇಕು. ಆಗ, ಆಗ ಮಾತ್ರ, ಒಂದು ಲೀಟರ್‌ನಷ್ಟು ಆ ನೀರು ಬಸಿದು ತೆಗೆದು, ಅಷ್ಟೇ ಟೊಮೆಟೊ ಜ್ಯೂಸ್ ಹಾಕಿ. ಕಾಲು ಕಪ್ ವೂಸ್ಟರ್ ಸಾಸ್, ಮೂರು ನಾಲ್ಕು ಚಮಚ ಹಾಟ್ ಸಾಸ್, ಕುಟ್ಟಿದ ಕರಿಮೆಣಸು. ಅರ್ಧ ಗಂಟೆ ಕುದಿಸಿ ಒಲೆ ಆರಿಸಿ. ಹಾರ್ಸ್‌ರ‍್ಯಾಡಿಶ್ ತುರಿ ಎರಡು ಚಮಚ, ನಿಂಬೆರಸ, ಇವೆರಡೂ ಒಲೆ ಆರಿಸಿದ ಮೇಲೆ. ಹಾರ್ಸ್‌ರ‍್ಯಾಡಿಶ್ ಸಾಸಿವೆ ಕುಟುಂಬದ್ದು, ಮೂಗಿಗೆ ಹತ್ತುವ ಅದೇ ಘಾಟು. ಕುದಿಸಿದರೆ ಆ ಘಾಟು ಹಬೆ ಜೊತೆ ಹೋಗಿಬಿಡುತ್ತೆ. ವೋಡ್ಕಾ ಪಾತ್ರೆಗೆ ಸುರಿಯೋರೂ ಇದ್ದಾರೆ, ದುಡ್ಡು ದಂಡ. ಬೇಕಾದವರು ಗ್ಲಾಸಲ್ಲಿ ಹಾಕ್ಕೊಳ್ಳಿ.

ಇಷ್ಟು ಮಾಡಿ ತಕ್ಷಣ ತಿನ್ನಬೇಡಿ. ತಣ್ಣಗಾಗ್ತಾ ಆಗ್ತಾ ಕಾಯಿ ಆ ರಸ ಕುಡಿದು ಒಂದೊಂದಾಗಿ ತಳಕ್ಕಿಳಿಯುತ್ತೆ. ಮೇಲೆ ತೇಲ್ತಿದ್ದದ್ದು ಮುಳುಗುತ್ತೆ ಅಂದ್ರೆ ಒಳಗೆ ರಸ ಹೋಯ್ತು ಅಂತ. ಆರಿದ ಮೇಲೆ ರಸದ ಸಮೇತ ಫ್ರಿಜ್ಜಿಗೆ. ಮಾರನೇ ದಿನ ತೆಗೆದು ಬಿಸಿ ಮಾಡಿ. ಮೂರ್ನಾಲ್ಕು ದಿನದೊಳಗೆ ಮುಗಿಸಿ, ಲೋಳೆ ಬಂದರೆ ಎಸೆಯಿರಿ.

ಈಗ ಒಂದು ತಪ್ಪೊಪ್ಪಿಗೆ. 2019ರಲ್ಲಿ ಅಮ್ಮ ಇಲ್ಲಿಗೆ ಬಂದಿದ್ದಾಗ ನಾನು ಇದನ್ನು ಮೊದಲ ಸಲ ಮಾಡಿದೆ. ಹೌದು, ಒಟ್ಟಿಗೇ ಸುರಿದಿದ್ದೆ. ಒಂದು ವಿಡಿಯೋದಲ್ಲಿ ಹಾಗೇ ತೋರಿಸಿದ್ದರು. ಅಮ್ಮ ಒಂದು ಬೀಜ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. ಚೆನ್ನಾಗಿದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ಹುಳಿ ಯಾವಾಗ ಹಾಕ್ದೆ ಮಗಾ?" ಅಂದರು. ಅಷ್ಟೇ. ನಿನ್ನೆ ನಾನು ಕೇಳಿದ್ದೂ ಅದೇ ಪ್ರಶ್ನೆ ತಾನೇ? ಅಮ್ಮ ಕೇಳಿದರೆ ಪ್ರೀತಿ, ನಾನು ಕೇಳಿದರೆ ಸ್ನೇಹಕ್ಕೆ ಹುಳಿ. (ನಾನು ಅವನ ಹಾಗೆ "ಕಾಯಿ ಸರಿ ಇರ್ಲಿಲ್ಲ" ಅಂತ ಕಾಯಿ ಮೇಲೆ ಹಾಕಲಿಲ್ಲ, ಅದು ದಾಖಲಾಗಲಿ.)

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ವೂಸ್ಟರ್ ಸಾಸ್‌ನಲ್ಲಿ ಆಂಚೊವಿ ಮೀನು ಇರುತ್ತೆ. ಬಾಟಲಿ ಹಿಂದಿನ ಸಣ್ಣಕ್ಷರ ನಾನು ಓದಿದ್ದು ಅಮ್ಮ ವಾಪಸ್ ಹೋಗಿ ಎರಡು ತಿಂಗಳಾದ ಮೇಲೆ. ಶನಿವಾರ ಈರುಳ್ಳಿಯನ್ನೂ ಮುಟ್ಟದ ನಮ್ಮಮ್ಮ! ಅಮ್ಮ ಫೇಸ್‌ಬುಕ್ಕಲ್ಲಿಲ್ಲ, ದೇವರು ದೊಡ್ಡವನು. ತಂಗೀ, ನೀನಿದ್ದೀಯ. ಬಾಯಿ ಬಿಟ್ಟರೆ ನೋಡು.

ಅದೇ ಬಾಟಲಿಯಲ್ಲಿ ಇನ್ನೊಂದು ಹೆಸರೂ ಕಂಡಿತು, ಹುಣಸೆಹಣ್ಣು. ನಿಜ, ಆ ಇಂಗ್ಲಿಷ್ ಸಾಸಿನ ಹುಳಿಯಲ್ಲಿ ನಮ್ಮ ಹುಣಸೆಯೂ ಇದೆ. ಅಲ್ಲಿಂದಾಚೆ ಅದನ್ನು ತರೋದೇ ಬಿಟ್ಟೆ. ನಿಂಬೆಗಾತ್ರದ ಹುಣಸೆಹಣ್ಣು ಕಿವುಚಿ, ಒಂದು ಚೂರು ಬೆಲ್ಲ, ಚಿಟಿಕೆ ಇಂಗು, ಎರಡು ಚಮಚ ಸೋಯಾ ಸಾಸ್. ನಮ್ಮ ಮನೆಗೆ ಬಂದ ಅಮೆರಿಕನ್ ಪಕ್ಕದ ಮನೆಯಾತ ಎರಡು ಬಟ್ಟಲು ತಿಂದು "ಇದರಲ್ಲಿ ಏನೋ ಇದೆ" ಅಂದ. ಇಂಗು ಅಂತ ಹೇಳಲಿಲ್ಲ. ಡಬ್ಬಿ ಮೂಸಿದರೆ ಮತ್ತೆ ಬರಲ್ಲ ಅವನು.

ಇವತ್ತು ಬೆಳಗ್ಗೆ ಎದ್ದು ಶನಿವಾರ ತಂದ ಕಾಯಿ ಬೇಯಿಸಿದೆ, ಸರಿಯಾದ ಕ್ರಮದಲ್ಲಿ. ಹೆಂಡತಿ ಅಂತಾಳೆ, ಅದರಲ್ಲಿ ಅರ್ಧ ಅವನಿಗೆ ಕೊಟ್ಟು ರಾಜಿಯಾಗಿ ಅಂತ. ಕೊಡ್ತೀನಿ. ಅಲ್ಲಿ ಹೋದರೆ ನನ್ನ ಇನ್ನೊಂದು ಕೆಲಸವೂ ಆಗುತ್ತೆ. ಆ ಬಿಳಿ ಸ್ಲೋ ಕುಕ್ಕರ್ ನಮ್ಮನೇದು. ಯುಗಾದಿಗೆ ಒಯ್ದವನು ಇನ್ನೂ ವಾಪಸ್ ಕೊಟ್ಟಿಲ್ಲ. ಈಗ ಟೊಮೆಟೊ ಕಲೆ ಬೇರೆ. ಗೆಳೆಯಾ, ಇದನ್ನು ಓದ್ತಿದ್ದರೆ, ಉಜ್ಜಿ ಇಡು. ಸಂಜೆ ಆರಕ್ಕೆ ಬರ್ತೀನಿ.