ಡಿಸೆಂಬರ್‌ನ ಒಂದು ಸಂಜೆ, ತಲಾ ಒಂದು ಹಾಡು

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಕ್ರಿಸ್‌ಮಸ್‌ನ ಹಿಂದಿನ ವಾರ ಒಂದು ಸಂಜೆ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ತಲಾ ಒಂದು ಹಾಡು. ಯಾರ ಸರದಿಯೋ ಅವರು ಹೇಳಿದ ಹಾಡು ಹಾಕಬೇಕು, ಉಳಿದವರು ಕೊನೆವರೆಗೂ ಕೇಳಬೇಕು. ನಡುವೆ ಮಾತಿಲ್ಲ, ಮೊಬೈಲ್ ನೋಡುವ ಹಾಗಿಲ್ಲ. ‘ಅಯ್ಯೋ, ಈ ವರ್ಷವೂ ಅದೇನಾ’ ಅನ್ನುವ ಹಾಗಂತೂ ಇಲ್ಲವೇ ಇಲ್ಲ. ಹಾಡು ಮುಗಿದ ಮೇಲೆ ಯಾಕೆ ಇಷ್ಟ ಅಂತ ಎರಡು ಮಾತು ಹೇಳಬೇಕು.

ಹೋದ ವರ್ಷ ನಮ್ಮ ಜೊತೆ ಕೂತಿದ್ದ ಗೆಳತಿಯೊಬ್ಬಳು ಎಲ್ಲ ಮುಗಿದ ಮೇಲೆ ಕೇಳಿದಳು, ‘ಹಬ್ಬದ ಹೊತ್ತಲ್ಲಿ ಇಷ್ಟೊಂದು ಬೇಜಾರಿನ ಹಾಡು ಯಾಕೆ ಕೇಳ್ತೀರಿ? ಕುಣಿಯೋ ಹಾಗಿರೋದು ಹಾಕಬಾರದಾ?’ ಆಗ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಇವತ್ತು ಹೇಳುತ್ತೇನೆ.

ನನ್ನ ಹಾಡಿನಿಂದಲೇ ಶುರು ಮಾಡುತ್ತೇನೆ. ಹ್ಯಾವ್ ಯುವರ್‌ಸೆಲ್ಫ್ ಎ ಮೆರ್ರಿ ಲಿಟಲ್ ಕ್ರಿಸ್‌ಮಸ್. ಇದು ಬಂದದ್ದು 1944ರ ಮೀಟ್ ಮಿ ಇನ್ ಸೇಂಟ್ ಲೂಯಿಸ್ ಅನ್ನುವ ಮ್ಯೂಸಿಕಲ್ ಸಿನಿಮಾದಿಂದ. ಕಥೆಯಲ್ಲಿ ಅಪ್ಪನಿಗೆ ನ್ಯೂಯಾರ್ಕ್‌ನಲ್ಲಿ ಕೆಲಸ. ಇಡೀ ಕುಟುಂಬ ಹುಟ್ಟಿ ಬೆಳೆದ ಊರು ಬಿಟ್ಟು ಹೊರಡಬೇಕು. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಪುಟ್ಟ ತಂಗಿ ನಿದ್ದೆ ಬರದೆ ಕಿಟಕಿ ಹತ್ತಿರ ಕೂತಿದ್ದಾಳೆ. ಅಕ್ಕನ ಪಾತ್ರದ ಜೂಡಿ ಗಾರ್ಲಂಡ್ ಅವಳ ಪಕ್ಕ ಬಂದು ಮೆಲ್ಲಗೆ ಹಾಡುತ್ತಾಳೆ. ಹಾಡು ಮುಗಿಯುತ್ತದೆ. ತಂಗಿಗೆ ಸಮಾಧಾನ ಆಗುವುದಿಲ್ಲ! ಅಳುತ್ತಾ ರಾತ್ರಿ ಉಡುಪಿನಲ್ಲೇ ಅಂಗಳಕ್ಕೆ ಓಡಿ, ತಾವೇ ಮಾಡಿದ್ದ ಹಿಮದ ಬೊಂಬೆಗಳನ್ನು ಒಂದೊಂದಾಗಿ ಹೊಡೆದು ಪುಡಿ ಮಾಡುತ್ತಾಳೆ. ಜೊತೆಗೆ ತೆಗೆದುಕೊಂಡು ಹೋಗಲು ಆಗದ್ದು ಬೇರೆ ಯಾರಿಗೂ ಸಿಗಬಾರದು ಅಂತ.

ನಾನು ಈ ದೃಶ್ಯ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ಮಗುವಿನ ಕೋಲು ಬೊಂಬೆಗೆ ಬೀಳುವಾಗ ಗಂಟಲು ಕಟ್ಟುತ್ತದೆ. ಒಂದು ಹಾಡಿನಿಂದ ಎಲ್ಲ ಸರಿಹೋಯಿತು ಅಂತ ತೋರಿಸುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ.

ಹಾಡಿನ ಸಾಹಿತ್ಯ ಮೊದಲು ಇನ್ನೂ ಕಠಿಣವಾಗಿತ್ತು. ಇದೇ ನಿನ್ನ ಕೊನೆಯ ಕ್ರಿಸ್‌ಮಸ್ ಆಗಬಹುದು ಅನ್ನುವ ಅರ್ಥದ ಸಾಲಿತ್ತು. ಅಳುವ ಮಗುವಿಗೆ ಇದನ್ನು ಹಾಡಿದರೆ ಜನ ನನ್ನನ್ನು ಕಟುಕಿ ಅಂದುಕೊಳ್ಳುತ್ತಾರೆ ಅಂತ ಗಾರ್ಲಂಡ್ ಒಪ್ಪಲಿಲ್ಲ. ಹಾಡು ಬರೆದ ಹ್ಯೂ ಮಾರ್ಟಿನ್ ಆ ಸಾಲು ಬದಲಾಯಿಸಿದರು. ಅದು ಸರಿಯೇ. ಆದರೆ 1957ರಲ್ಲಿ ಗಾಯಕ ಫ್ರಾಂಕ್ ಸಿನಾತ್ರಾಗಾಗಿ ಇನ್ನೊಂದು ಸಾಲೂ ಹೋಯಿತು. ಒಳ್ಳೆಯ ದಿನ ಬರುವ ತನಕ ಹೇಗೋ ದಿನ ದೂಡೋಣ ಅಂತಿದ್ದ ಕಡೆ ಮರದ ತುದಿಗೆ ಹೊಳೆಯುವ ನಕ್ಷತ್ರ ಬಂತು. ಇವತ್ತು ಜಾಸ್ತಿ ಕಿವಿಗೆ ಬೀಳುವುದು ಆ ನಕ್ಷತ್ರದ ಸಾಲೇ. ಕೇಳಲು ಚೆಂದವಾಗಿದೆ, ಇಲ್ಲ ಅನ್ನಲ್ಲ. ಆದರೆ ಹೇಗೋ ದಿನ ದೂಡುತ್ತಿರುವವರಿಗೆ ಆ ಹಳೆಯ ಸಾಲು ಬೇಕು. ನನಗೆ ಒಂದು ವರ್ಷ ತುಂಬಾ ಬೇಕಾಗಿತ್ತು. ನಾನು ಗಾರ್ಲಂಡ್ ಹಾಡಿದ್ದನ್ನೇ ಹಾಕುತ್ತೇನೆ.

ಅಪ್ಪನ ಹಾಡು ಮೈ ಫೇವರಿಟ್ ಥಿಂಗ್ಸ್. ದಿ ಸೌಂಡ್ ಆಫ್ ಮ್ಯೂಸಿಕ್‌ನದು. ಇದಕ್ಕೂ ಕ್ರಿಸ್‌ಮಸ್‌ಗೂ ಅಸಲಿಗೆ ಸಂಬಂಧವೇ ಇಲ್ಲ. 1959ರ ಬ್ರಾಡ್‌ವೇ ನಾಟಕದಲ್ಲಿ ನಾಯಕಿ ಮರಿಯಾ ಇದನ್ನು ಹಾಡುವುದು ಮಠದಲ್ಲಿ, ಹಿರಿಯ ಸನ್ಯಾಸಿನಿಯ ಜೊತೆ. 1965ರ ಸಿನಿಮಾದಲ್ಲಿ ಗುಡುಗಿಗೆ ಹೆದರಿ ಅವಳ ಹಾಸಿಗೆ ಹತ್ತಿದ ಮಕ್ಕಳಿಗೆ. ಹಾಡಿನಲ್ಲಿ ಬರುವ ಉಣ್ಣೆಯ ಕೈಗವಸು, ದಾರ ಕಟ್ಟಿದ ಪೊಟ್ಟಣ, ರೆಪ್ಪೆಯ ಮೇಲೆ ಕೂತ ಹಿಮ ಇವೆಲ್ಲ ಕೇಳಿ ಜನ ಅದನ್ನು ಡಿಸೆಂಬರ್‌ಗೆ ಸೇರಿಸಿಕೊಂಡರು. ನನಗೆ ಇದು ಸರಿ ಅನಿಸುತ್ತದೆ. ಅದು ಹೆದರಿಕೆಯ ಹಾಡು ಅಲ್ವಾ? ಹೆದರಿದಾಗ ಇಷ್ಟದ ಚಿಕ್ಕಪುಟ್ಟ ವಸ್ತುಗಳನ್ನು ಬೆರಳು ಮಡಚಿ ಎಣಿಸುವ ಹಾಡು. ಅಪ್ಪ ಅದನ್ನು ಕೇಳುವಾಗ ನಿಜಕ್ಕೂ ಬೆರಳು ಮಡಚುತ್ತಾರೆ. ಅವರಿಗೆ ಅದು ಗೊತ್ತಿಲ್ಲ, ನಾವೂ ಹೇಳಿಲ್ಲ. ಒಂದು ವರ್ಷ ನಾನು ಜಾನ್ ಕೋಲ್ಟ್ರೇನ್ ಸ್ಯಾಕ್ಸೋಫೋನ್‌ನಲ್ಲಿ ನುಡಿಸಿದ್ದನ್ನು ಹಾಕಿದೆ. 13 ನಿಮಿಷಕ್ಕೂ ಜಾಸ್ತಿ ಇದೆ. ಅಪ್ಪ ಪೂರ್ತಿ ಕೇಳಿದರು, ಆಮೇಲೆ ‘ಈಗ ನನ್ನ ಹಾಡು ಹಾಕು’ ಅಂದರು.

ಅಮ್ಮನದು ಸೈಲೆಂಟ್ ನೈಟ್. ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ, ಎಲ್ಲರಿಗೂ ಗೊತ್ತಿರುವ ಹಾಡು. ಒಂದೇ ಒಂದು ವಿಷಯ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಮೊದಲ ಸಲ ಹಾಡಿದಾಗ ಇದ್ದದ್ದು ಒಂದು ಗಿಟಾರ್. ಪಾದ್ರಿ ಯೋಸೆಫ್ ಮೋರ್ ಮತ್ತು ರಾಗ ಕಟ್ಟಿದ ಶಾಲಾ ಮಾಸ್ತರ ಫ್ರಾಂಟ್ಸ್ ಗ್ರೂಬರ್, ಇವರಿಬ್ಬರ ದನಿ. ಅಮ್ಮನಿಗೆ ದೊಡ್ಡ ವಾದ್ಯಮೇಳದ್ದು ಬೇಡ. ಗಿಟಾರ್ ಒಂದೇ ಇರುವುದು ಬೇಕು. ನಾನು ಹುಡುಕಿ ಇಟ್ಟಿದ್ದೇನೆ.

ಈಗ ಅಣ್ಣನ ಹಾಡು. ಐಲ್ ಬಿ ಹೋಮ್ ಫಾರ್ ಕ್ರಿಸ್‌ಮಸ್. 1943ರಲ್ಲಿ, ಯುದ್ಧದ ನಡುವೆ ಬಿಂಗ್ ಕ್ರಾಸ್ಬಿ ಹಾಡಿದ್ದು. ದೂರದಲ್ಲಿರುವ ಸೈನಿಕ ಮನೆಗೆ ಕಾಗದ ಬರೆದ ಹಾಗಿದೆ. ಹಬ್ಬಕ್ಕೆ ಬರುತ್ತೇನೆ, ಇದು ಸಿದ್ಧ ಮಾಡಿಡಿ, ಅದು ಸಿದ್ಧ ಮಾಡಿಡಿ ಅಂತ ಹೇಳುತ್ತಾ ಹೋಗಿ, ಬರುವುದು ಕನಸಿನಲ್ಲಷ್ಟೇ ಇರಬಹುದು ಅಂತ ಕಡೆಗೆ ತಿಳಿಯುತ್ತದೆ. ಅಣ್ಣ ಇದನ್ನು ಆರಿಸಿಕೊಂಡಾಗ ಮನೆಯಲ್ಲೇ ಇದ್ದ. ಸುಮ್ನೆ ರಾಗ ಚೆನ್ನಾಗಿದೆ ಅಂದಿದ್ದ. ಈಗ ನಾಲ್ಕು ವರ್ಷದಿಂದ ಅವನು ಹೊರದೇಶದಲ್ಲಿದ್ದಾನೆ. ಹಾಡು ಮಾತ್ರ ಬದಲಾಯಿಸಿಲ್ಲ.

ಆ ಸಂಜೆ ಅವನು ವಿಡಿಯೋ ಕಾಲ್‌ನಲ್ಲಿ ಬರುತ್ತಾನೆ. ಫೋನನ್ನು ಸ್ಪೀಕರ್ ಪಕ್ಕ ಒರಗಿಸಿ ಇಡುತ್ತೇವೆ. ನಮ್ಮ ಹಾಡು ಅವನಿಗೆ ತಲುಪುವಾಗ ಒಂದು ಕ್ಷಣ ತಡ. ಅವನು ಅದರ ಜೊತೆ ಗುನುಗುವುದು ನಮಗೆ ತಲುಪುವಾಗ ಇನ್ನೊಂದು ಕ್ಷಣ ತಡ. ಮೊದಲ ವರ್ಷ ಇದರಿಂದ ಕಿರಿಕಿರಿ ಆಗಿ, ಮೈಕ್ ಆಫ್ ಮಾಡು ಅಂತ ನಾನೇ ಅಂದೆ. ಅಮ್ಮ ಬೇಡ ಅಂದರು.

ಈಗ ನಾವು ಅವನಿಗಾಗಿ ಕಾಯುತ್ತೇವೆ. ಇಲ್ಲಿ ಕ್ರಾಸ್ಬಿ ದನಿ ನಿಂತು ಕೋಣೆ ಸುಮ್ಮನಾಗಿರುತ್ತದೆ. ಫೋನಿನಿಂದ ಅಣ್ಣನ ಗುನುಗು ಇನ್ನೂ ಸ್ವಲ್ಪ ಹೊತ್ತು ಬರುತ್ತಿರುತ್ತದೆ. ಅದು ಮುಗಿಯುವ ತನಕ ಮುಂದಿನ ಹಾಡು ಹಾಕುವುದಿಲ್ಲ.