ಕಮ್ಯೂನಿಟಿ ಕಾಲೇಜಿಗೆ ಯಾಕೆ ಸೇರಿದೆ ಅಂತ ಕೇಳಿದವರಿಗೆ

ಯುಗಾದಿ ಊಟದ ದಿನ ಪರಿಚಯದ ಅಂಕಲ್ ಒಬ್ಬರು ಕೇಳಿದರು, "ಕಮ್ಯೂನಿಟಿ ಕಾಲೇಜಾ? ಅದೂ ಸೋಶಿಯಾಲಜಿನಾ? ಇಲ್ಲಿಗೆ ಬಂದು ಡೇಟಾ ಸೈನ್ಸ್ ಮಾಡೋದು ಬಿಟ್ಟು?" ಅವತ್ತು ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಸ್ಯಾನ್ ಹೋಸೆಗೆ ನಾನು ಎಚ್-4 ವೀಸಾದಲ್ಲಿ, ಅಂದರೆ ಇಲ್ಲಿ ಕೆಲಸಕ್ಕೆ ಬಂದವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ, ಬಂದವಳು. ಕೆಲಸ ಮಾಡುವ ಹಾಗಿರಲಿಲ್ಲ, ಓದೋಕೆ ಅಡ್ಡಿ ಇರಲಿಲ್ಲ. ಕಮ್ಯೂನಿಟಿ ಕಾಲೇಜು ಅಂದರೆ ಹೆಚ್ಚಾಗಿ ಎರಡು ವರ್ಷದ ಕೋರ್ಸುಗಳ ಕಾಲೇಜು; ಕ್ಯಾಲಿಫೋರ್ನಿಯಾದಲ್ಲಿ ಇಂಥ ಸರ್ಕಾರಿ ಕಾಲೇಜುಗಳು 116 ಇವೆ. ರಾಜ್ಯದ ನಿವಾಸಿಗಳಿಗೆ ಫೀಸು ಯೂನಿಟ್‌ಗೆ (ಕ್ರೆಡಿಟ್‌ಗೆ) 46 ಡಾಲರ್, ಮೂರು ಯೂನಿಟ್‌ನ ಒಂದು ವಿಷಯಕ್ಕೆ 138. ಸೇರೋಕೆ ಮಾರ್ಕ್ಸ್ ಕೇಳುವುದಿಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ ಅಂತಲೇ ನಮ್ಮವರಿಗೆ ಅದು ಸಸಾರ. ಆದರೆ ಸಮಾಜವನ್ನು ಓದೋಕೆ ಅಂಥ ಜಾಗವೇ ಬೇಕು ಅಂತ ನನಗೆ ಈಗ ಗಟ್ಟಿಯಾಗಿ ಅನ್ನಿಸಿದೆ.

ಕ್ರಿಮಿನಲ್ ಜಸ್ಟಿಸ್ ಕ್ಲಾಸು ರಾತ್ರಿ ಇರುತ್ತಿತ್ತು. ಒಂದು ದಿನ ಪ್ಲೀ ಬಾರ್ಗೇನಿಂಗ್ ಪಾಠ. ತಪ್ಪು ಒಪ್ಪಿಕೊಂಡರೆ ಶಿಕ್ಷೆ ಕಡಿಮೆ, ವಿಚಾರಣೆಯೇ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟೇ 2012ರ ತೀರ್ಪೊಂದರಲ್ಲಿ ಹೇಳಿದೆ: ಫೆಡರಲ್ ಕೋರ್ಟುಗಳಲ್ಲಿ ಶಿಕ್ಷೆಯಾಗುವ ಕೇಸುಗಳಲ್ಲಿ ಶೇ. 97, ರಾಜ್ಯಗಳಲ್ಲಿ ಶೇ. 94, ಹೀಗೆ ತಪ್ಪೊಪ್ಪಿಗೆಯಿಂದಲೇ ಮುಗಿಯುತ್ತವೆ. ಸಿನಿಮಾದಲ್ಲಿ ನೋಡಿದ ವಾದ, ಜ್ಯೂರಿ ಎಲ್ಲ ಉಳಿದ ನಾಲ್ಕಾರು ಕೇಸುಗಳಿಗೆ ಮಾತ್ರ!

ಹಿಂದಿನ ಸಾಲಿನಲ್ಲಿ ಹಗಲು ಡೆಲಿವರಿ ವ್ಯಾನ್ ಓಡಿಸುವ ಒಬ್ಬರು ಇದ್ದರು. ನಲವತ್ತರ ಆಸುಪಾಸು. ಅವರು ಮೆಲ್ಲಗೆ ಹೇಳಿದರು, "ನಾನೂ ಸೈನ್ ಹಾಕಿದ್ದೆ. ಬೇಲ್‌ಗೆ ದುಡ್ಡಿರಲಿಲ್ಲ. ಒಳಗೇ ಇದ್ದಿದ್ದರೆ ಕೆಲಸ ಹೋಗ್ತಿತ್ತು." 1963ರ ಗಿಡಿಯನ್ ತೀರ್ಪಿನಿಂದ ಬಡ ಆರೋಪಿಗೂ ವಕೀಲರ ನೆರವು ಸಿಗಲೇಬೇಕು ಅಂತ ಹಿಂದಿನ ವಾರ ತಾನೇ ಓದಿದ್ದೆವು. ಅವರಿಗೂ ವಕೀಲರು ಸಿಕ್ಕಿದ್ದರು. ಎಷ್ಟು ಹೊತ್ತು ಮಾತಾಡಿದರು ಅಂತ ಯಾರೋ ಕೇಳಿದರು. "ಹತ್ತು ನಿಮಿಷ ಇರಬಹುದು." ಪೊಲೀಸ್ ಆಗಬೇಕು ಅಂತ ಸೇರಿದ್ದ ಹುಡುಗಿ ಅದನ್ನು ನೋಟ್ಸಿನಲ್ಲಿ ಬರೆದುಕೊಂಡಳು. ಆ ಸಾಲು ಯಾವ ಪಠ್ಯಪುಸ್ತಕದಲ್ಲಿತ್ತು ಹೇಳಿ?

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ದೇಶದ ಜೈಲುಗಳಲ್ಲಿ ಇರುವವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ಇನ್ನೂ ವಿಚಾರಣೆ ಮುಗಿಯದವರು. ಅಷ್ಟು ವರ್ಷ ಬೆಂಗಳೂರಿನಲ್ಲಿದ್ದೂ ನಾನು ಅದರ ಬಗ್ಗೆ ಒಂದು ದಿನ ಯೋಚಿಸಿರಲಿಲ್ಲ.

ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನೂ ಓದಿದ್ದು ಇಲ್ಲಿಗೆ ಬಂದ ಮೇಲೆಯೇ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು ಅಲ್ಲಿನ ಬದುಕನ್ನು ಅವರು ಬರೆದುಕೊಂಡಿದ್ದರು. ಅದರಿಂದ ವರ್ಷಗಟ್ಟಲೆ ಕೂತು ಸಿದ್ಧಮಾಡಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸುಟ್ಟುಹೋದವು. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ದೂರ. ಆಮೇಲೆ ನೆನಪಿನಿಂದಲೇ ಆ ಹಳ್ಳಿಯನ್ನು ಮತ್ತೆ ಬರೆದರಲ್ಲ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಂಥ್ರೊಪಾಲಜಿ (ಮಾನವಶಾಸ್ತ್ರ) ಕ್ಲಾಸಿಗೆ ನನ್ನ ಫೀಲ್ಡ್‌ವರ್ಕ್ ಮನೆ ಹತ್ತಿರದ, ಜನ ತಾವೇ ಬಂದು ಬಟ್ಟೆ ಒಗೆದುಕೊಳ್ಳುವ ಲಾಂಡ್ರಿಯಲ್ಲಿ. ಸುಮ್ನೆ ಕೂತು ನೋಡಿದ್ದನ್ನು ಬರೆಯೋದು. ಮೂರನೇ ಶನಿವಾರ ವಿಯೆಟ್ನಾಂ ಮೂಲದ ಹೆಂಗಸೊಬ್ಬರು ಬಂದು, ಏನು ಬರೀತಿದ್ದೀಯ ಅಂತ ಕೇಳಿದರು. ಓದಿ ಹೇಳಿದೆ; ಅವರ ಜೊತೆ ಬರುವ ಹುಡುಗನನ್ನು ಅವರ ಮಗ ಅಂತ ಬರೆದಿದ್ದೆ. "ಅವನು ನನ್ನ ಮಗ ಅಲ್ಲ, ಅಕ್ಕನ ಮಗ. ಆದರೆ ಸಾಕಿದ್ದು ನಾನು" ಅಂದರು. ನಮ್ಮ ಕಡೆ ಅಕ್ಕನ ಮಗ ಅಂದರೂ ಮಗನೇ ಅಲ್ವಾ, ಅದನ್ನು ಅವರಿಗೆ ಹೇಳಿದೆ. ಬಟ್ಟೆ ಮಡಚುತ್ತಲೇ ನಕ್ಕು, ಪಕ್ಕದಲ್ಲಿದ್ದ ಬುಟ್ಟಿ ಸರಿಸಿ ನನಗೂ ಜಾಗ ಮಾಡಿಕೊಟ್ಟರು.