ಬಿಗ್ ಬ್ಯಾಂಗಿನಲ್ಲಿ ದೇವರಿಗೆ ಸಾಕ್ಷಿ ಹುಡುಕುವವರಿಗೆ

ನಮ್ಮ ಧರ್ಮಕೇಂದ್ರದ ವಾಟ್ಸಾಪ್ ಗುಂಪಿಗೆ ಆ ಸಂದೇಶ ಮತ್ತೆ ಬಂದಿದೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ದೇವರು ಆಡಿದ "ಬೆಳಕಾಗಲಿ" ಅನ್ನುವ ಮಾತೇ ಬಿಗ್ ಬ್ಯಾಂಗ್ (ಅತಿ ದಟ್ಟ, ಅತಿ ಬಿಸಿ ಸ್ಥಿತಿಯಿಂದ ವಿಶ್ವ ಹಿಗ್ಗಲು ಶುರುವಾದದ್ದು), ಬೈಬಲ್ ಹೇಳಿದ್ದನ್ನು ವಿಜ್ಞಾನಿಗಳು ಕೊನೆಗೂ ಒಪ್ಪಿಕೊಂಡಿದ್ದಾರೆ ಎಂದು. ಕೆಳಗೆ ಸಾಲುಸಾಲು ಆಮೆನ್. ಭೂಮಿಗೆ ಆರು ಸಾವಿರ ವರ್ಷ ಮಾತ್ರ, ಡಾರ್ವಿನ್ ಹೇಳಿದ್ದೆಲ್ಲ ಸುಳ್ಳು ಎನ್ನುವ ವಿಡಿಯೊಗೂ ಇದೇ ಗುಂಪಿನಲ್ಲಿ ಅಷ್ಟೇ ಆಮೆನ್ ಬಿದ್ದಿದ್ದವು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಎನ್ನುವ ವಿಜ್ಞಾನವನ್ನು ಒಂದು ದಿನ ಸಾಕ್ಷಿಗೆ ಕರೆದು, ಮರುದಿನ ಅದನ್ನೇ ಸುಳ್ಳು ಅನ್ನುವುದು ಹೇಗೆ?

ನಾನು ಕಥೋಲಿಕ. ಸ್ವರ್ಗವನ್ನೂ ಭೂಮಿಯನ್ನೂ ಸೃಷ್ಟಿಸಿದ ದೇವರನ್ನು ವಿಶ್ವಾಸಿಸುತ್ತೇನೆ ಎಂದು ಪ್ರತಿ ಭಾನುವಾರ ಪೂಜೆಯಲ್ಲಿ ಮನಸಾರೆ ಹೇಳುತ್ತೇನೆ. ಹಾಗಾಗಿಯೇ ಈ ಎರಡೂ ಬಗೆಯ ಸಂದೇಶಗಳು ನನಗೆ ನೋವು ಕೊಡುತ್ತವೆ. ಮೊದಲನೆಯದು ಹೆಚ್ಚು ಅಪಾಯಕಾರಿ ಅನ್ನಿಸುತ್ತದೆ, ಏಕೆಂದರೆ ಅದು ನೋಡಲು ವಿಜ್ಞಾನದ ಪರವಾಗಿರುವಂತೆ ಕಾಣುತ್ತದೆ. ಅದನ್ನು ಕಳಿಸುವವರು ಜಾರ್ಜ್ ಲೆಮೇತ್ರ್ ಅವರ ಕಥೆ ತಿಳಿಯಲೇಬೇಕು.

ಲೆಮೇತ್ರ್ ಬೆಲ್ಜಿಯಮ್ಮಿನವರು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದು, 1923ರಲ್ಲಿ ಗುರುದೀಕ್ಷೆ ಪಡೆದು ಕಥೋಲಿಕ ಪಾದ್ರಿಯಾದರು. ಕೇಂಬ್ರಿಡ್ಜ್‌ನಲ್ಲಿ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್‌ಟನ್ ಬಳಿ ಓದಿ, ಅಮೆರಿಕಕ್ಕೂ ಹೋಗಿ ಬಂದು ಲುವೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಐನ್‌ಸ್ಟೈನ್ ಸಮೀಕರಣಗಳ ಆಧಾರದ ಮೇಲೆ ಬರೆದರು. ಲೆಕ್ಕ ಸರಿಯಿದೆ, ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ಇದು ಸಹಿಸಲಾಗದ್ದು ಎಂಬರ್ಥದಲ್ಲಿ ಆಗ ಐನ್‌ಸ್ಟೈನ್ ಪ್ರತಿಕ್ರಿಯಿಸಿದ್ದರು. 1931ರಲ್ಲಿ ಲೆಮೇತ್ರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವಿಶ್ವಕ್ಕೆ ಒಂದು ಆರಂಭವಿತ್ತು ಎಂಬ ಕಲ್ಪನೆಯೇ ತಮಗೆ ಒಗ್ಗದು ಎಂದು ಎಡಿಂಗ್‌ಟನ್ ಹೇಳಿದ್ದಕ್ಕೆ ಉತ್ತರವಾಗಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಇಂದು ನಾವು ಬಿಗ್ ಬ್ಯಾಂಗ್ ಅನ್ನುವ ವಿಚಾರದ ಬೀಜ ಅದರಲ್ಲಿದೆ. ಆ ಹೆಸರನ್ನು ಕೊಟ್ಟಿದ್ದು ಮಾತ್ರ ಆ ಸಿದ್ಧಾಂತವನ್ನು ಒಪ್ಪದಿದ್ದ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್, 1949ರ ಬಿಬಿಸಿ ರೇಡಿಯೊ ಭಾಷಣದಲ್ಲಿ.

ಆ ಪತ್ರದ ಕರಡು ಉಳಿದಿದೆ. ಅದರ ಕೊನೆಯಲ್ಲಿ ದೇವರ ಬಗ್ಗೆ ಒಂದು ಪ್ಯಾರಾ ಇತ್ತು: ದೇವರು ಮರೆಯಲ್ಲಿರುವವನು, ಸೃಷ್ಟಿಯ ಕ್ಷಣದ ಮೇಲೆ ಭೌತಶಾಸ್ತ್ರವೂ ಒಂದು ತೆರೆ ಎಳೆಯುತ್ತದೆ ಎಂಬ ಭಾವದ ಮಾತು. ಪ್ರಕಟಣೆಗೆ ಮುಂಚೆ ಲೆಮೇತ್ರ್ ಅದನ್ನು ಹೊಡೆದುಹಾಕಿದರು. ಮರೆಯಲ್ಲಿರುವ ದೇವರು ಎಂಬ ಮಾತು ಪ್ರವಾದಿ ಯೆಶಾಯನ ಗ್ರಂಥದ್ದು. ಆ ನಂಬಿಕೆಯನ್ನು ಅವರು ಎಂದೂ ಬಿಡಲಿಲ್ಲ, ಆದರೆ ಭೌತಶಾಸ್ತ್ರದ ಪತ್ರದೊಳಗೆ ಅದನ್ನು ತರಲೂ ಇಲ್ಲ.

ಇಪ್ಪತ್ತು ವರ್ಷದ ನಂತರ, 1951ರ ನವೆಂಬರ್ 22ರಂದು, ಪೋಪ್ ಹನ್ನೆರಡನೇ ಪಿಯುಸ್ ಅವರು ವಿಜ್ಞಾನಿಗಳ ಮುಂದೆ ಮಾತಾಡುತ್ತಾ, ಆಧುನಿಕ ವಿಜ್ಞಾನ "ಬೆಳಕಾಗಲಿ" ಎಂಬ ಆ ಆದಿಕ್ಷಣಕ್ಕೆ ಸಾಕ್ಷಿ ಹೇಳುತ್ತಿದೆ ಎಂಬರ್ಥದ ಮಾತು ಆಡಿದರು. ಇವತ್ತಿನ ನಮ್ಮ ವಾಟ್ಸಾಪ್ ಸಂದೇಶ ಹೇಳುವುದೂ ಇದನ್ನೇ. ಲೆಮೇತ್ರ್ ಹಿಗ್ಗಬೇಕಿತ್ತಲ್ಲ? ಅವರಿಗೆ ಕಳವಳವಾಯಿತು. ತಮ್ಮದು ಇನ್ನೂ ಪರೀಕ್ಷೆಯಲ್ಲಿರುವ ಸಿದ್ಧಾಂತ ಎಂಬುದು ಅವರಿಗೆ ಗೊತ್ತಿತ್ತು. ಆಗಿನ ಅಳತೆಗಳ ಪ್ರಕಾರ ವಿಶ್ವದ ವಯಸ್ಸು 200 ಕೋಟಿ ವರ್ಷದ ಆಸುಪಾಸು ಬರುತ್ತಿತ್ತು, ಭೂಮಿಯ ವಯಸ್ಸೇ ಅದಕ್ಕಿಂತ ಹೆಚ್ಚು ಎಂದು ಬಂಡೆಗಳು ಹೇಳುತ್ತಿದ್ದವು! ಮರುವರ್ಷ ರೋಮ್‌ನಲ್ಲಿ ಖಗೋಳವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ಇತ್ತು. ಅದಕ್ಕೆ ಮುಂಚೆ ಲೆಮೇತ್ರ್ ವ್ಯಾಟಿಕನ್ ವೀಕ್ಷಣಾಲಯದ ಫಾದರ್ ಡೇನಿಯಲ್ ಓಕಾನೆಲ್ ಅವರೊಂದಿಗೆ ಈ ವಿಷಯ ಚರ್ಚಿಸಿದರು. ಸಮ್ಮೇಳನಕ್ಕೆ ಬಂದವರನ್ನು ಉದ್ದೇಶಿಸಿ ಪೋಪ್ ಮಾಡಿದ ಭಾಷಣದಲ್ಲಿ ಆ ವಾದ ಮತ್ತೆ ಕೇಳಿಬರಲಿಲ್ಲ. ಅದೇ ಸಮ್ಮೇಳನದಲ್ಲಿ ವಾಲ್ಟರ್ ಬಾಡೆ ಎಂಬ ಖಗೋಳವಿಜ್ಞಾನಿ ಗೆಲಾಕ್ಸಿಗಳ ದೂರದ ಅಳತೆಯನ್ನು ತಿದ್ದಿದಾಗ, ವಿಶ್ವದ ವಯಸ್ಸು ಸುಮಾರು ಎರಡು ಪಟ್ಟು ಆಯಿತು. ವಿಜ್ಞಾನ ಹೀಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ಅದೇ ಅದರ ಬಲ. ಅದಕ್ಕೆ ನಮ್ಮ ವಿಶ್ವಾಸವನ್ನು ಕಟ್ಟಿಹಾಕಿದರೆ ಪ್ರತಿ ತಿದ್ದುಪಡಿಗೂ ನಾವು ನಡುಗುತ್ತಿರಬೇಕು.

ಬಿಗ್ ಬ್ಯಾಂಗ್ ವಿಷಯ ಇಷ್ಟರಲ್ಲಿ ಮುಗಿಯುತ್ತದೆ. ನಿಜವಾದ ಕಷ್ಟ ಇರುವುದು ಡಾರ್ವಿನ್ ಕಡೆ, ಆದರೆ ನಮ್ಮ ಗುಂಪುಗಳಲ್ಲಿ ಆ ಪ್ರಶ್ನೆಗಳನ್ನು ನಾವು ಮುಟ್ಟುವುದೇ ಇಲ್ಲ. ವಿಕಾಸವಾದ ಒಂದು ಊಹೆಗಿಂತ ಮಿಗಿಲಾದದ್ದು ಎಂದು ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ಹೇಳಿದ್ದಾರೆ. ಅದಕ್ಕೂ ಮುಂಚೆ, 1950ರಲ್ಲಿ, ಮಾನವ ದೇಹದ ಉಗಮದ ಬಗ್ಗೆ ಸಂಶೋಧನೆ, ಚರ್ಚೆ ನಡೆಯಬಹುದು ಎಂದು ಇದೇ ಹನ್ನೆರಡನೇ ಪಿಯುಸ್ ಅವರೇ ಬರೆದಿದ್ದರು. ಆದರೆ ಮಾನವಕುಲಕ್ಕೆಲ್ಲ ಒಬ್ಬ ಆದಾಮನೇ ಮೂಲ ಎಂಬುದನ್ನು ಬಿಡಲು ಅವರು ಒಪ್ಪಿರಲಿಲ್ಲ. ಇಂದು ತಳಿವಿಜ್ಞಾನಿಗಳಲ್ಲಿ ಹೆಚ್ಚಿನವರು, ನಮ್ಮ ಪೂರ್ವಜರ ಸಂಖ್ಯೆ ಎಂದೂ ಒಂದೇ ಜೋಡಿಗೆ ಇಳಿದಿರಲಿಲ್ಲ, ಸಾವಿರಾರು ಮಂದಿ ಇದ್ದರು ಅನ್ನುತ್ತಾರೆ. ಪಾಪದ ಮೂಲಕ ಮರಣ ಲೋಕಕ್ಕೆ ಬಂತು ಎಂದು ಸಂತ ಪೌಲರು ರೋಮನರಿಗೆ ಬರೆದರು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ, ಪಾಪ ಮಾಡಲು ಮನುಷ್ಯನೇ ಇಲ್ಲದ ಕಾಲದಲ್ಲಿ. ಪೌಲರು ಹೇಳಿದ ಮರಣ ದೇವರಿಂದ ದೂರವಾಗುವುದು ಎಂದು ನಾನು ಓದಿಕೊಳ್ಳುತ್ತೇನೆ. ಆದರೂ ಕೋಟ್ಯಂತರ ವರ್ಷ ಪ್ರಾಣಿಗಳು ಪಟ್ಟ ನೋವಿಗೆ ಆ ಓದು ಉತ್ತರವಾಗದು ಎಂಬುದು ನನಗೆ ಗೊತ್ತು.

ಆಕಾಶ, ಭೂಮಿಯ ವಿಷಯದಲ್ಲಿ ಬಲ್ಲವರ ಮುಂದೆ ಕ್ರೈಸ್ತರು ಅಸಂಬದ್ಧ ಮಾತಾಡಿ ಧರ್ಮಗ್ರಂಥವನ್ನೇ ನಗೆಪಾಟಲಿಗೆ ಈಡು ಮಾಡಬಾರದು ಎಂದು ಸಂತ ಅಗಸ್ಟಿನ್ ಸಾವಿರದ ಆರುನೂರು ವರ್ಷಗಳ ಹಿಂದೆಯೇ ಎಚ್ಚರಿಸಿದ್ದರು. ಈಗ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನದಿಂದ ವಿಕಾಸದ ಪಾಠವನ್ನು 2023ರಲ್ಲಿ ತೆಗೆದುಹಾಕಿದ ಮೇಲೆ, ನಮ್ಮ ಅನೇಕ ಮಕ್ಕಳಿಗೆ ಡಾರ್ವಿನ್ ಮೊದಲು ಸಿಗುವುದು ಇಂಥ ವಿಡಿಯೊಗಳಲ್ಲೇ ಆಗಬಹುದು. ದೃಢೀಕರಣ ಎಂಬ ಧರ್ಮಸಂಸ್ಕಾರಕ್ಕೆ ಸಿದ್ಧರಾಗುತ್ತಿರುವ ಮಕ್ಕಳು "ಆದಾಮನಿಗಿಂತ ಮುಂಚೆ ಸಾವು ಇತ್ತಾ ಫಾದರ್?" ಎಂದು ಕೇಳಿಯೇ ಕೇಳುತ್ತಾರೆ. ಫಾದರ್‌ಗಳೇ, ದಯವಿಟ್ಟು ಅವರನ್ನು ಸುಮ್ಮನಿರಿಸಬೇಡಿ. ಒಂದು ಭಾನುವಾರದ ಧರ್ಮೋಪದೇಶ ಪೂರ್ತಿ ಆ ಒಂದು ಪ್ರಶ್ನೆಗೇ ಕೊಡಿ, ಊರಿನ ಜೀವಶಾಸ್ತ್ರದ ಮೇಷ್ಟ್ರನ್ನೂ ಕರೆಯಿರಿ. ಅವರು ಯಾವ ಧರ್ಮದವರಾದರೂ ಸರಿ.